ಬಯಲಿನ ದಿನ ಕಾಣದ ಮನೆ

ನಮ್ಮೂರಿನಲ್ಲಿ ಬೆಳಿಗ್ಗೆ ಎದ್ದವರು ಮೊದಲು ಕೇಳುವುದು ‘ಇವತ್ತು ಯಾವ ಮುಖ?’ ಎಂದು. ಗೊತ್ತಿದ್ದರೂ ಕೇಳುತ್ತಾರೆ. ಸೋಮವಾರ, ಮಂಗಳವಾರ ಸಂತೆ. ಬುಧವಾರ, ಗುರುವಾರ ಬಯಲು. ಶುಕ್ರವಾರ, ಶನಿವಾರ ಚೌಕ. ರವಿವಾರ ಶನಿವಾರದ್ದೇ ಮುಂದುವರಿಯುತ್ತದೆ ಎಂದು ಚಾವಡಿಯ ಗೋಡೆಯ ಮೇಲೆ ಗೇಣುದ್ದದ ಅಕ್ಷರಗಳಲ್ಲಿ ಬರೆಸಿಟ್ಟಿದೆ. ಆದರೂ ಕೇಳುತ್ತಾರೆ, ಕೇಳಿ ನನ್ನನ್ನೇ ದಿಟ್ಟಿಸುತ್ತಾರೆ. ಏಕೆಂದರೆ ಮುಖ ಆರಿಸುವವನು ನಾನು. ಚಾವಡಿಯಲ್ಲಿ ಒಂದು ಕಂಪ್ಯೂಟರ್ ಇದೆ, ಊರಿಗೆಲ್ಲ ಅದೊಂದೇ. ಅದನ್ನು ಒಳಗಿನಿಂದ ನಡೆಸುವ ಲಿನಕ್ಸ್ ಕೂಡ ಒಂದೇ. ಆದರೆ ಆ ಒಂದರ ಮೇಲೆ ಮೂರು ಡೆಸ್ಕ್‌ಟಾಪುಗಳನ್ನು, ಅಂದರೆ ಪರದೆಯ ಮೂರು ಮುಖಗಳನ್ನು, ಪಕ್ಕಪಕ್ಕದಲ್ಲಿ ಕೂರಿಸಿದ್ದಾರೆ. ಬೆಳಿಗ್ಗೆ ಆರಕ್ಕೆ ನಾನು ಲಾಗಿನ್ ಮಾಡಲು ಕುಳಿತಾಗ ಪಾಸ್‌ವರ್ಡ್ ಕೇಳುವ ಜಾಗದ ಮಗ್ಗುಲಲ್ಲಿ ಹಲ್ಲಿನ ಚಕ್ರದಂಥ ಸಣ್ಣ ಗುರುತೊಂದು ಕಾಣುತ್ತದೆ. ಒತ್ತಿದರೆ ಮೂರು ಹೆಸರು. ಯಾವುದನ್ನು ಆರಿಸಿದೆನೋ, ಅವತ್ತು ಊರು ಹಾಗೆ.

ಸಂತೆಯ ದಿನ ಎಲ್ಲವೂ ಕಣ್ಣೆದುರಿಗೆ. ಅಂಗಡಿಗಳು, ಮನೆಗಳು ಊರಿನ ತಗ್ಗಿನಲ್ಲಿ ಕೆರೆದಂಡೆಯುದ್ದಕ್ಕೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ, ಸಾಲಿನ ಬಲತುದಿಗೆ ಗಡಿಯಾರ. ಯಾರಿಗೆ ಯಾವ ಬಣ್ಣ ಬೇಕೋ ಆ ಬಣ್ಣ, ಬಾಗಿಲು ಎಡಕ್ಕೆ ಬೇಕೆಂದರೆ ಎಡಕ್ಕೆ. ನನ್ನ ಅಕ್ಕ ಬಾಳವ್ವ ಬಾಗಿಲನ್ನು ಆಚೆ ಸರಿಸುವುದು, ಈಚೆ ಸರಿಸುವುದು, ಇದರಲ್ಲೇ ಅರ್ಧ ಸೋಮವಾರ ಕಳೆದುಬಿಡುತ್ತಾಳೆ. ಬಯಲಿನ ದಿನ ಊರಿನಲ್ಲಿ ಏನೂ ಕಾಣದು. ನಾಲ್ಕು ದಾರಿ ಕೂಡುವಲ್ಲಿರುವ ಕಟ್ಟೆಯ ಮೇಲೆ ನಿಂತು ಬೇಕಾದ್ದರ ಮೊದಲ ಅಕ್ಷರ ಕೂಗಬೇಕು. ಆ ಅಕ್ಷರದ ಅಂಗಡಿ, ಮನೆಗಳೆಲ್ಲ ಬಂದು ಎದುರಿಗೆ ನಿಲ್ಲುತ್ತವೆ. ಇನ್ನೊಂದಕ್ಷರ ಹೇಳಿದರೆ ಕೆಲವು ಹಿಂದಕ್ಕೆ ಸರಿಯುತ್ತವೆ, ಪೂರ್ತಿ ಹೇಳಿದರೆ ಒಂದೇ ಉಳಿದು ತಾನಾಗಿ ಬಾಗಿಲು ತೆರೆಯುತ್ತದೆ. ಗಂಟಲು ಕಟ್ಟಿದವರಿಗೆ ಅವತ್ತು ಉಪವಾಸವೇ ಗತಿ. ಚೌಕದ ದಿನ ಒಂದು ಮನೆ ಇನ್ನೊಂದರ ಮೇಲೆ ಒರಗುವಂತಿಲ್ಲ, ನಡುವೆ ಸಂದಿ ಉಳಿಯುವಂತೆಯೂ ಇಲ್ಲ. ಒಬ್ಬರ ಮನೆಗೆ ನೆಂಟರು ಬಂದರೆ ಓಣಿಯ ಮಿಕ್ಕ ಮನೆಗಳೆಲ್ಲ ಒಂದೊಂದು ಗೇಣು ಕುಗ್ಗಿ ಜಾಗ ಕೊಡುತ್ತವೆ. ಹಾಗಾಗಿ ಚೌಕದ ದಿನ ನಮ್ಮಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ.

ಮುಖ ಮೂರಾದರೂ ಹೊಟ್ಟೆ ಒಂದೇ. ಮಂಗಳವಾರ ಹೆಪ್ಪು ಹಾಕಿದ ಹಾಲು ಬುಧವಾರ ಮೊಸರಾಗಿಯೇ ಸಿಗುತ್ತದೆ, ಮಂಗಳವಾರ ಬೈಸಿಕೊಂಡದ್ದು ಬುಧವಾರವೂ ಉರಿಯುತ್ತದೆ. ಮೂರನೆಯ ಮುಖವನ್ನು ಹೊಸದಾಗಿ ಹಾಕಿಸಿದ ವರ್ಷ ಮಾತ್ರ ಸ್ವಲ್ಪ ಕಲಸುಮೇಲೋಗರವಾಗಿತ್ತು. ಒಂದೇ ಕಂಬದ ಮೇಲೆ ಎರಡು ಗಡಿಯಾರ. ಯಾರಾದರೂ ತೀರಿಕೊಂಡರೆ ಸುದ್ದಿ ಎರಡೆರಡು ಸಲ ಬರುತ್ತಿತ್ತು, ಒಮ್ಮೆ ಅತ್ತು ಮುಗಿಸಿದವರು ಮತ್ತೆ ಕೂತು ಅಳಬೇಕಾಗುತ್ತಿತ್ತು. ಈಗ ಅದೆಲ್ಲ ಹೊಂದಿಕೊಂಡಿದೆ. ಹೊಂದದೆ ಉಳಿದದ್ದು ಜನರ ಮನಸ್ಸು, ಒಂದೊಂದು ಮುಖ ಮೆಚ್ಚುವವರದ್ದು ಒಂದೊಂದು ಗುಂಪು. ಬಯಲಿನವರಿಗೆ ಒಲಿದಿದ್ದಾನೆ ಎಂದು ಸಂತೆಯವರಿಗೆ ನನ್ನ ಮೇಲೆ ಅನುಮಾನ. ಸಂತೆಯನ್ನು ಐದು ನಿಮಿಷ ಮೊದಲೇ ಶುರು ಮಾಡುತ್ತಾನೆ ಎಂದು ಬಯಲಿನವರಿಗೆ. ಚೌಕದವರು ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಗಡಿಯಾರ ನೋಡಿ ಬರೆದುಕೊಳ್ಳುತ್ತಾರೆ.

ಅವರನ್ನು ನಾನು ದೂರುವುದಿಲ್ಲ. ನಾನೂ ಅಂಥವನೇ, ಅವರಿಗಿಂತ ಒಂದು ಕೈ ಮೇಲು. ಹಾಲು ತಂದರೆ ನೀರೆಷ್ಟು ಎಂದು ನೋಡುತ್ತೇನೆ, ನೀರು ತಂದರೆ ಯಾಕೆ ತಂದರು ಎಂದು ನೋಡುತ್ತೇನೆ. ಯಾರಾದರೂ ನಕ್ಕು ಮಾತಾಡಿಸಿದರೆ ಮನೆಗೆ ಬಂದು ಆ ನಗುವನ್ನು ಬಿಡಿಸಿ ನೋಡುತ್ತೇನೆ. ನನಗೆ ಈ ಕೆಲಸ ಕೊಟ್ಟ ಗುರುನಾಥ ಮಾಸ್ತರರು, ಈಗಿಲ್ಲ, ‘ಕೀಲಿಕೈ ಸಂಶಯದವನ ಕೈಯಾಗ ಇರಬೇಕೋ ಅಡಿವೆಪ್ಪಾ, ನಂಬೂ ಮನಶ್ಯಾನ ಕೈಯಾಗ ಅಲ್ಲ’ ಎಂದಿದ್ದರು. ಅದನ್ನು ಹೊಗಳಿಕೆ ಎಂದುಕೊಂಡೆ. ಜೊತೆಗೆ ಒಂದು ಆಣೆಯನ್ನೂ ಹಾಕಿಸಿದ್ದರು. ಊರಿನ ಪ್ರತಿ ಮನೆಗೂ ಆ ಕಂಪ್ಯೂಟರಿನಲ್ಲಿ ಒಂದು ಚೀಟಿ ಇದೆ: ಹೆಸರೇನು, ಕೆಲಸವೇನು, ಬಾಗಿಲ ಮೇಲೆ ಯಾವ ಚಿತ್ರ, ಯಾವ ಯಾವ ಮುಖದಲ್ಲಿ ಕಾಣಬೇಕು. ಚೀಟಿಯನ್ನು ಬರೆಯುವವನೂ ತಿದ್ದುವವನೂ ನಾನೊಬ್ಬನೇ, ಆದರೆ ಓದುವಂತಿಲ್ಲ. ಬರೆಸಲು ಬಂದವರು ಎದುರಿಗೆ ಕೂತು ಒಂದೊಂದೇ ಅಕ್ಷರ ಹೇಳುತ್ತಾರೆ. ನಾನು ಪರದೆಯ ಮೇಲೆ ಟವೆಲ್ ಹೊದೆಸಿ, ಕಣ್ಣು ಮುಚ್ಚಿ, ಕೇಳಿದ ಅಕ್ಷರ ಒತ್ತುತ್ತಾ ಹೋಗಬೇಕು. ಅಕ್ಷರಗಳು ತಲೆಯೊಳಗೆ ಕೂಡಿ ಮಾತಾಗದಿರಲಿ ಎಂದು ಮನಸ್ಸಿನಲ್ಲಿ ಮಗ್ಗಿ ಹೇಳಿಕೊಳ್ಳಬೇಕು. ಎರಡು ಮೂರರ ಮಗ್ಗಿಯಾದರೆ ನಾಲಿಗೆ ತಾನಾಗಿ ಹೇಳಿ ಮನಸ್ಸು ಆಚೆ ಹೋಗಿಬಿಡುತ್ತದೆ, ಆದ್ದರಿಂದ ಹದಿನೇಳರದ್ದು.

ಕಾಶವ್ವ ನಮ್ಮೂರಿಗೆ ಬಂದು ಚೀಟಿ ಬರೆಸಿದ್ದು ಎರಡು ವರ್ಷದ ಹಿಂದೆ. ಗಂಡ ತೀರಿಕೊಂಡಿದ್ದ, ಮಕ್ಕಳಿಲ್ಲ, ಕೈಯಲ್ಲಿ ಹೊಲಿಗೆ ಇತ್ತು. ನಲವತ್ತರ ಆಸುಪಾಸು. ಅಳತೆ ತೆಗೆಯುವಾಗ ಟೇಪನ್ನು ಕೊರಳಿಗೆ ಹಾಕಿಕೊಂಡು, ಬಾಯಲ್ಲಿ ಸೀಮೆಸುಣ್ಣ ಕಚ್ಚಿಕೊಂಡು, ‘ಉಸರ ಬಿಡ್ರಿ, ಹೊಟ್ಟಿ ಒಳಗ ಎಳಕೊಂಡ್ರ ಅಂಗಿ ನಾಳೆ ಹೊಟ್ಟಿಗೆ ಬಿಗದು ಹೇಳ್ತೈತಿ’ ಎನ್ನುತ್ತಿದ್ದಳು. ನಾನು ನಲವತ್ತಾರರವನು, ಮದುವೆಯಾಗಿರಲಿಲ್ಲ. ನೋಡಲು ಹೋದ ಹೆಣ್ಣುಗಳಲ್ಲೆಲ್ಲ ನಾನು ಏನಾದರೊಂದು ಕೊರತೆ ಹುಡುಕಿ ತೆಗೆದಿದ್ದೆ, ಅವರಿಗೆ ಹುಡುಕುವ ಕಷ್ಟವನ್ನೂ ನಾನು ಕೊಟ್ಟಿರಲಿಲ್ಲ. ಕಾಶವ್ವನಲ್ಲಿ ಹುಡುಕಲು ಮನಸ್ಸೇ ಬರಲಿಲ್ಲ. ಒಂದು ಅಂಗಿ ಹೊಲಿಸಿದೆ. ಆಮೇಲೆ ಇನ್ನೊಂದು.

ಒಂಬತ್ತನೆಯ ಅಂಗಿಯ ಬಟ್ಟೆ ಹಿಡಿದುಕೊಂಡು ಹೋದಾಗ ಅವಳು ಕತ್ತರಿ ಕೆಳಗಿಟ್ಟು, ‘ಅಡಿವೆಪ್ಪಾರ, ಮೈ ಒಂದೇ ಐತೆಲ್ಲ ನಿಮ್ದು?’ ಎಂದಳು.

ನಾನು ಬೆವೆತುಹೋದೆ. ‘ಅಂಗಿ ಒಂದು ನೆಪ ಕಾಶವ್ವಾರ’ ಎಂದೆ.

‘ಅದು ಮೂರನೇ ಅಂಗಿಗೇ ಗೊತ್ತಾತು. ನೀವು ಯಾವಾಗ ಬಾಯಿ ಬಿಡ್ತೀರಿ ಅಂತ ನೋಡಾಕತ್ತಿದ್ದೆ.’

‘ಹಂಗಾರ ಏನಂತೀರಿ?’

ಅವಳು ಬಟ್ಟೆಯನ್ನು ಮಡಿಸಿ ಮತ್ತೆ ಬಿಚ್ಚಿದಳು. ‘ಒಂದು ತಿಂಗಳು ತಡೀರಿ. ನೀವು ಭಾಳ ಸಂಶಯದ ಮನಶ್ಯಾ ಅಂತ ಊರೆಲ್ಲಾ ಹೇಳ್ತೈತಿ. ನಾನು ಒಮ್ಮೆ ಒಂದು ಮನಿಯಾಗ ಹದಿನೆಂಟು ವರ್ಷ ಬಾಳೇವು ಮಾಡೇನಿ. ಈ ಸಲ ನೋಡಿ ಮಾಡಬೇಕು.’

ನಾನು ಸಂತೋಷದಿಂದ ಮನೆಗೆ ಬಂದೆ. ಒಂದು ತಿಂಗಳು ಯಾವ ಲೆಕ್ಕ, ನಾಲ್ಕು ಸಂತೆ, ನಾಲ್ಕು ಬಯಲು, ನಾಲ್ಕು ಚೌಕ. ಬಾಳವ್ವನಿಗೆ ಹೇಳಿದೆ. ಹೇಳಬಾರದಿತ್ತು. ಅವಳು ರೊಟ್ಟಿ ಬಡಿಯುತ್ತಿದ್ದಳು, ಬಡಿಯುವುದನ್ನು ನಿಲ್ಲಿಸಲಿಲ್ಲ.

‘ಹೆಣ್ಣು ಛಲೋ ಅದಾಳ ತಮ್ಮಾ, ಇಲ್ಲ ಅನ್ನಂಗಿಲ್ಲ. ಆದ್ರ ಬುಧವಾರ, ಗುರುವಾರ ಆಕಿ ಎಲ್ಲಿರ್ತಾಳ ಅಂತ ಕೇಳೀಯೇನು?’

‘ಎಲ್ಲಿರ್ತಾಳ ಅಂದ್ರ? ಮನ್ಯಾಗ.’

‘ಮನ್ಯಾಗಿದ್ರ ಕರದಾಗ ಬರಬೇಕಲ್ಲ? ನಾನು ಕುಬಸಕ್ಕಂತ ಎಷ್ಟು ಸಲ ಕಟ್ಟಿ ಮ್ಯಾಲೆ ನಿಂತು ಕರದೇನಿ. ಎಲ್ಲಾರ ಮನಿ ಬರ್ತಾವ. ಆಕೀದೊಂದು ಬರಂಗಿಲ್ಲ. ಬೆಂಕಿ ಇಲ್ಲದ ಹೊಗಿ ಆಡ್ತೈತೇನು?’

ಹುಳ ಬಿಡುವುದೆಂದರೆ ಇದೇ. ಆ ಬುಧವಾರ ನಾನು ಕಟ್ಟೆಯ ಮೇಲೆ ನಿಂತು ‘ಕಾ’ ಎಂದೆ. ಕಾಳಿನ ಅಂಗಡಿ ಬಂತು, ಕಾಯಿಪಲ್ಲೆಯ ಗಾಡಿ ಬಂತು, ಕಾಡಪ್ಪನ ಮನೆ ಬಂತು, ಕಾಡಪ್ಪ ಬಾಗಿಲಲ್ಲೇ ಹಲ್ಲುಜ್ಜುತ್ತಿದ್ದ. ‘ಕಾಶ’ ಎಂದೆ. ಎಲ್ಲವೂ ಹಿಂದಕ್ಕೆ ಸರಿದು ಬರಿಯ ಬಯಲು ಉಳಿಯಿತು. ಗುರುವಾರವೂ ಅಷ್ಟೇ. ಶುಕ್ರವಾರ ಚೌಕ, ಅವಳ ಮನೆ ತನ್ನ ಜಾಗದಲ್ಲಿ ಅಳತೆಗೆ ಕತ್ತರಿಸಿ ಇಟ್ಟ ಹಾಗೆ ಇತ್ತು. ಏನೂ ಆಗಿಲ್ಲವೆಂಬಂತೆ ಕಾಶವ್ವ ಗುಂಡಿ ಹಚ್ಚುತ್ತಾ ಕೂತಿದ್ದಳು. ಹೊಸ್ತಿಲ ಮಗ್ಗುಲಲ್ಲಿ ಶೇಂಗಾ ಸಿಪ್ಪೆಯ ಒಂದು ಗುಡ್ಡೆ. ನಾನು ಮಾತಾಡಿಸುತ್ತಾ ಅದನ್ನೇ ನೋಡಿದೆ. ಒಬ್ಬ ಹೆಂಗಸು ತಿನ್ನುವಷ್ಟು ಸಿಪ್ಪೆಯಲ್ಲ ಅದು. ಇಬ್ಬರದ್ದು, ಅದರಲ್ಲೂ ಒಬ್ಬರು ಹೊಟ್ಟೆಬಾಕರು ಎಂದು ಮನಸ್ಸು ಲೆಕ್ಕ ಹಾಕಿಬಿಟ್ಟಿತು.

ಇನ್ನು ಆ ಹೊಟ್ಟೆಬಾಕ ಯಾರು ಎಂಬುದಷ್ಟೇ ಬಾಕಿ. ಬಯಲಿನ ಎರಡೂ ದಿನ ಊರಿನಲ್ಲಿ ಕಾಣದ ಗಂಡಸು ಇನ್ನೊಬ್ಬನಿದ್ದ, ಸೋಡಾ ಅಂಗಡಿಯ ಮಡಿವಾಳಪ್ಪ. ಮಂಗಳವಾರ ಸಂಜೆ ಅಂಗಡಿಗೆ ಬೀಗ ಹಾಕಿದರೆ ತೆಗೆಯುವುದು ಶುಕ್ರವಾರವೇ. ಇಷ್ಟು ವರ್ಷ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಎಂಬುದೇ ನನಗೆ ಅವಮಾನವಾಯಿತು. ಹೋಗಿ ಒಂದು ಸೋಡಾ ಕೇಳಿದೆ.

‘ಬುಧವಾರ ಎಲ್ಲಿ ಹೋಗಿರ್ತೀರಿ ಮಡಿವಾಳಪ್ಪಾರ?’

‘ಎಲ್ಲಿ ಹೋಗ್ಲಿ? ಬೀಗರ ಊರಿಗೆ. ಇಲ್ಲಿ ಇದ್ರ ಬಾಳೇವು ಆಗತೈತೇನ್ರಿ? ಒಬ್ಬಾಂವ “ಸೋ” ಅಂತಾನ, ಅಂಗಡಿ ಜಗ್ತಾನ. ಅಂವ ಕುಡದು ಮುಗಸೂದ್ರಾಗ ಇನ್ನೊಬ್ಬಾಂವ “ಸೋ”. ದಿನಾ ಇಪ್ಪತ್ತು ಬಾಟ್ಲಿ ಒಡೀತಾವ.’

ನಾನು ಸೋಡಾ ಕುಡಿಯುತ್ತಲೇ ಅಂಗಡಿಯ ನೆಲವನ್ನೆಲ್ಲ ನೋಡಿದೆ. ಒಡೆದ ಗಾಜಿನ ಒಂದು ಚೂರೂ ಇರಲಿಲ್ಲ. ಸಿಕ್ಕಿಬಿದ್ದ ಎಂದುಕೊಂಡೆ. ಬೀಗ ಹಾಕಿ ಹೋಗುವುದರಿಂದಲೇ ಬಾಟಲಿ ಒಡೆದಿಲ್ಲ ಎಂಬ ಸಣ್ಣ ಮಾತು ನನ್ನ ತಲೆಗೆ ಹೊಳೆಯಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ನನ್ನದು ಹುಟ್ಟುಕಾಮಾಲೆ. ಮುಂದಿನ ಮಂಗಳವಾರ ಕಾಶವ್ವನ ಅಂಗಡಿಗೆ ಹೋಗಿ, ಇಲ್ಲದ ಗುಂಡಿ ಹಚ್ಚಿಸುವ ನೆಪದಲ್ಲಿ, ‘ನಾಳೆ ಬುಧವಾರ, ಮನ್ಯಾಗ ಇರ್ತೀರೇನು?’ ಎಂದು ಕೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ‘ನಾನು ಎಲ್ಲಿ ಹೋಗ್ಲಿ’ ಎಂದಳು, ತಲೆ ಎತ್ತದೆ. ಮಡಿವಾಳಪ್ಪನೂ ಅದೇ ಮಾತು ಅಂದಿದ್ದ, ‘ಎಲ್ಲಿ ಹೋಗ್ಲಿ’. ಒಂದೇ ಮಾತು ಎರಡು ಬಾಯಲ್ಲಿ.

ಮೂರನೆಯ ವಾರದ ಬುಧವಾರ ಬೆಳಿಗ್ಗೆ ಹತ್ತಕ್ಕೆ ಆಣೆ ಮುರಿದೆ. ಊರೆಲ್ಲ ಕಟ್ಟೆಯ ಹತ್ತಿರ ಕೂಗುತ್ತಾ ನಿಂತಿತ್ತು, ಚಾವಡಿಯಲ್ಲಿ ನಾನೊಬ್ಬನೇ. ಪರದೆಯ ಮೇಲಿದ್ದ ಟವೆಲನ್ನು ತೆಗೆದು ಹೆಗಲ ಮೇಲೆ ಹಾಕಿಕೊಂಡೆ. ಚೀಟಿಗಳೆಲ್ಲ ಒಂದೇ ಫೋಲ್ಡರಿನಲ್ಲಿದ್ದವು, ಮುನ್ನೂರ ಹನ್ನೆರಡು ಮನೆ, ಎಲ್ಲವನ್ನೂ ನಾನೇ ಬರೆದಿದ್ದೆ, ಒಂದನ್ನೂ ನೋಡಿರಲಿಲ್ಲ. ಕಾಶವ್ವನದು ತೆರೆದೆ. ನಾಲ್ಕೇ ಸಾಲು. ಹೆಸರು: ಕಾಶವ್ವ. ಕೆಲಸ: ಹೊಲಿಗೆ. ಚಿತ್ರ: ಕತ್ತರಿ. ನಾಲ್ಕನೆಯದು: ಸಂತೆಯಲ್ಲಿ, ಚೌಕದಲ್ಲಿ ಮಾತ್ರ ಕಾಣಲಿ. ಅಂದರೆ ಬಂದ ಮೊದಲ ದಿನವೇ ನನ್ನೆದುರು ಕೂತು, ನನ್ನ ಬೆರಳಿನಿಂದಲೇ, ಬಯಲಿನಿಂದ ತನ್ನ ಮನೆಯನ್ನು ಮರೆಮಾಡಿಸಿದ್ದಳು. ನಾನು ಮಗ್ಗಿ ಹೇಳುತ್ತಾ ಬರೆದುಕೊಟ್ಟಿದ್ದೆ. ನನಗೆ ಸಿಟ್ಟು ಬಂತು. ಮುಚ್ಚಿಡುವವರು ಏನನ್ನೋ ಮುಚ್ಚಿಡುತ್ತಾರೆ, ಸುಮ್ಮನೆ ಯಾರು ಮುಚ್ಚಿಡುತ್ತಾರೆ? ಒಮ್ಮೆ ನೋಡಿ ಮತ್ತೆ ಹಾಗೇ ಬರೆದಿಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡು ನಾಲ್ಕನೆಯ ಸಾಲನ್ನು ಅಳಿಸಿದೆ.

ಕಟ್ಟೆಯ ಹತ್ತಿರ ನಲವತ್ತು ಐವತ್ತು ಜನ ಇದ್ದರು. ಬಾಳವ್ವನೂ ಇದ್ದಳು, ಎಣ್ಣೆಗೆಂದು ಬಂದವಳು ಡಬ್ಬಿ ಹಿಡಿದು ನಿಂತಿದ್ದಳು. ನಾನು ಮೇಲೆ ಹತ್ತಿ ನಿಂತು, ಒಂದೊಂದಾಗಿ ಹೇಳದೆ, ಗಂಟಲು ಬಿರಿಯುವ ಹಾಗೆ ‘ಕಾಶವ್ವ’ ಎಂದು ಕೂಗಿದೆ. ಜನ ತಿರುಗಿ ನೋಡಿದರು. ಆ ಹೆಸರಿಗೆ ಯಾವ ಮನೆಯೂ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಮನೆ ಬಂತು. ಹಗ್ಗ ಹಾಕಿ ಜಗ್ಗಿದ ಎಮ್ಮೆಯ ಹಾಗೆ ಹಿಂಜರಿಯುತ್ತಾ, ನೆಲ ಕೆರೆಯುತ್ತಾ ಬಂದು ಕಟ್ಟೆಯೆದುರು ನಿಂತು, ಬಯಲಿನ ರೂಢಿಯಂತೆ ತಾನಾಗಿ ಬಾಗಿಲು ತೆರೆಯಿತು.

ಕಾಶವ್ವ ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಎರಡು ಕಾಲುಗಳೂ ಬಿಸಿನೀರಿನ ಬೋಗುಣಿಯಲ್ಲಿ. ಕೂದಲು ಬಿಚ್ಚಿ ಎಣ್ಣೆ ಹಚ್ಚಿದ್ದಳು. ಸೀರೆ ಉಟ್ಟಿರಲಿಲ್ಲ, ಲಂಗದ ಮೇಲೆ ಒಂದು ಗಂಡಸರ ಅಂಗಿ ತೊಟ್ಟಿದ್ದಳು. ಮಗ್ಗುಲಲ್ಲಿ ಹುರಿದ ಶೇಂಗಾ, ಸಿಪ್ಪೆಯ ರಾಶಿ. ಬಾಗಿಲು ತೆರೆದಾಗ ಬಾಯಿಗೆ ಹಾಕಿಕೊಳ್ಳಲು ಕೈ ಎತ್ತಿದ್ದವಳು ಹಾಗೇ ಎತ್ತಿಕೊಂಡು ನಮ್ಮೆಲ್ಲರನ್ನೂ ನೋಡಿದಳು.

‘ಗಂಡಸರ ಅಂಗಿ’ ಎಂದು ಯಾರೋ ಅಂದರು. ಬಾಳವ್ವ ಯಾರ ಅಪ್ಪಣೆಗೂ ಕಾಯದೆ ಒಳಗೆ ನುಗ್ಗಿ ಮಂಚದ ಕೆಳಗೆ ಬಗ್ಗಿದಳು, ಹಾಸಿಗೆ ಎತ್ತಿದಳು, ಅಡಿಗೆಮನೆಯ ಬಾಗಿಲ ಹಿಂದೆ ನೋಡಿದಳು. ಹೊರಗೆ ನಿಂತವರು ಕತ್ತು ಚಾಚಿ ಅವಳ ಹಿಂದೆಯೇ ಹುಡುಕುತ್ತಿದ್ದರು. ಯಾರೂ ಇರಲಿಲ್ಲ. ಬಾಳವ್ವ ಸೊಂಟದ ಮೇಲೆ ಕೈಯಿಟ್ಟು, ‘ಯಾರದಬೇ ಈ ಅಂಗಿ?’ ಎಂದಳು.

ನಾನು ಕಟ್ಟೆಯಿಂದ ಇಳಿದು ಬಾಗಿಲವರೆಗೆ ಹೋಗಿದ್ದೆ, ಹತ್ತಿರದಿಂದ ಅಂಗಿ ನೋಡಿದೆ. ಒಂದು ತೋಳು ನೀಲಿ ಪಟ್ಟೆಯದು, ಇನ್ನೊಂದು ಕಂದು. ಕಾಲರು ಬೂದಿಬಣ್ಣ, ಎದೆಯ ಮೇಲೆ ಹಸಿರು ಚೌಕಳಿಯ ತುಂಡು, ಬೆನ್ನಿಗೆ ಸುತ್ತಿ ಬಂದದ್ದು ಬಿಳಿ. ಎಣಿಸಿದೆ. ಒಂಬತ್ತು ಬಟ್ಟೆ. ನಾನು ಕೊಟ್ಟ ಒಂಬತ್ತು ಅಂಗಿಯ ಬಟ್ಟೆಗಳಲ್ಲಿ ಉಳಿದ ತುಂಡುಗಳನ್ನು ಕೂಡಿಸಿ ತನಗೊಂದು ಹೊಲಿದುಕೊಂಡಿದ್ದಳು. ನನಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಅವಳು ಕಾಲನ್ನು ನೀರಿನಿಂದ ತೆಗೆಯಲಿಲ್ಲ. ಬಾಳವ್ವನಿಗಲ್ಲ, ನನಗೆ ಹೇಳಿದಳು: ‘ಒಬ್ಬಾಕೀನ ಅದೇನ್ರಿ. ಬೇಕಂದ್ರ ನೀವೂ ಬಂದು ನೋಡ್ರಿ. ಸಣ್ಣಾಕಿ ಇದ್ದಾಗ ಅವ್ವ ಕರೀತಿದ್ಲು, ಕಾಶೀ ನೀರ ತಾ, ಕಾಶೀ ಕೂಸಿನ ಎತ್ಕೋ. ಆಮ್ಯಾಲೆ ಗಂಡನ ಮನಿ. ಅತ್ತಿ, ಮಾವ, ಮೈದುನರು, ಐದು ಬಾಯಿ, ಒಂದ ಹೆಸರು. ಹದಿನೆಂಟು ವರ್ಷ ಒಂದು ಸಲ ಕುಂತು ಶೇಂಗಾ ತಿಂದಿಲ್ಲ ನಾನು. ಅದಕ್ಕ ಈ ಊರಿಗೆ ಬಂದೆ. ವಾರದಾಗ ಎರಡು ದಿನ ಯಾರ ಕರದ್ರೂ ಹೋಗಲಾರದಂಗ ಇರಾಕ ಬರತೈತಿ ಅಂತ ಕೇಳಿದ್ದೆ.’

ಬಾಳವ್ವ ಎತ್ತಿದ ಹಾಸಿಗೆಯನ್ನು ಸರಿ ಮಾಡಿ ಹೊರಗೆ ಬಂದಳು.

‘ಸಿಪ್ಪಿ ಎಣಸಾಕತ್ತೀರಿ ಅಂತ ಮೊನ್ನೇನ ಗೊತ್ತಾತು ನನಗ’ ಎಂದಳು ಕಾಶವ್ವ. ‘ಅಷ್ಟೂ ನಾನ ತಿಂದಿದ್ದು. ಎರಡು ಸೇರು. ಎದಿ ಉರೀತೈತಿ, ಆದ್ರೂ ತಿಂತೇನಿ.’ ಆಮೇಲೆ ಧ್ವನಿ ತಗ್ಗಿತು. ‘ಸಾಲು ಅಳಿಸಿದಾರ ಯಾರು ಅಂತ ಕೇಳಂಗಿಲ್ಲ ಬಿಡ್ರಿ ಅಡಿವೆಪ್ಪಾರ. ಬರಿಯೂ ಕೈ ಒಂದ, ಅಳಸೂ ಕೈ ಒಂದ.’

ಕಟ್ಟೆಯ ಸುತ್ತ ಇದ್ದವರು ಒಬ್ಬೊಬ್ಬರಾಗಿ ಚದುರಿದರು. ನಾನು ಚಾವಡಿಗೆ ಓಡಿಹೋಗಿ ಸಾಲನ್ನು ಇದ್ದ ಹಾಗೇ ಬರೆದೆ. ಬರೆದ ತಕ್ಷಣ ಮನೆ ಕಟ್ಟೆಯೆದುರಿನಿಂದ ಹೋಯಿತಂತೆ. ಆದರೆ ಕಂಡದ್ದನ್ನು ಐವತ್ತು ಜನರ ಕಣ್ಣಿನಿಂದ ಅಳಿಸುವ ಗುಂಡಿ ಆ ಕಂಪ್ಯೂಟರಿನಲ್ಲಿಲ್ಲ. ಎರಡು ದಿನ ಊರಿನಲ್ಲಿ ಅದೇ ಮಾತು, ಅವಳ ಲಂಗ, ಅವಳ ಎಣ್ಣೆತಲೆ, ಎರಡು ಸೇರು ಶೇಂಗಾ. ನನ್ನ ಬಗ್ಗೆಯೂ ಇತ್ತು. ಇಷ್ಟು ದಿನ ಸುಮ್ಮನೆ ಅನುಮಾನಿಸುತ್ತಿದ್ದವರಿಗೆ ಈಗ ಆಧಾರ ಸಿಕ್ಕಿತ್ತು: ಇವನು ಚೀಟಿ ಓದುತ್ತಾನೆ. ನನ್ನನ್ನು ಕೆಲಸದಿಂದ ತೆಗೆಯಬೇಕೆಂದು ಚೌಕದವರು ಕೂತು ಮಾತಾಡಿದರು. ತೆಗೆಯಲಿಲ್ಲ, ಏಕೆಂದರೆ ಬೇರೆ ಯಾರ ಹೆಸರು ಎತ್ತಿದರೂ ಅವನು ಇನ್ನೂ ಹೆಚ್ಚು ಓದುತ್ತಾನೆ ಎಂಬ ಅನುಮಾನ ಬಂತು. ಮಡಿವಾಳಪ್ಪನಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಬೀಗರ ಊರಿನಿಂದ ಶುಕ್ರವಾರ ಬಂದು, ನನ್ನನ್ನು ಕರೆದು, ಕೇಳದೆಯೇ ಒಂದು ಸೋಡಾ ಒಡೆದು ಕೊಟ್ಟ. ಕುಡಿಯದೆ ಅಲ್ಲೇ ಇಟ್ಟು ಬಂದೆ.

ಸೋಮವಾರ ಬೆಳಿಗ್ಗೆ, ಸಂತೆಯ ಮುಖ ಹಾಕಿ ಕೂತಿದ್ದೆ. ಕಾಶವ್ವ ಚಾವಡಿಗೆ ಬಂದಳು. ಒಗೆದು ಮಡಿಸಿದ ಸೀರೆ, ಬಿಗಿದು ಕಟ್ಟಿದ ತುರುಬು. ತಿಂಗಳು ಮುಗಿಯಲು ಇನ್ನೂ ಆರು ದಿನ ಇತ್ತು.

‘ಚೀಟಿ ತಿದ್ದಸಬೇಕು’ ಎಂದಳು.

‘ಕಾಶವ್ವಾರ, ನಾನು ತಪ್ಪು ಮಾಡೇನಿ’ ಎಂದೆ. ‘ನನ್ನ ಹೊಟ್ಟಿಯಾಗ...’

‘ಮೊದಲು ಚೀಟಿ.’ ಎದುರಿನ ಮಣೆಯ ಮೇಲೆ ಕೂತಳು. ಕೈಯಲ್ಲಿ ಮಡಿಸಿದ ಕಾಗದವಿತ್ತು.

ನಾನು ಪರದೆಯ ಮೇಲೆ ಟವೆಲ್ ಹೊದೆಸಿದೆ. ಕಣ್ಣು ಮುಚ್ಚಿದೆ. ಅವಳು ಅಕ್ಷರ ಹೇಳತೊಡಗಿದಳು, ಅವಸರವಿಲ್ಲದೆ, ಒಂದೊಂದನ್ನೂ ಬಿಡಿಸಿ. ಈಗ ಕೇಳಿಸಿಕೊಳ್ಳಬಹುದಿತ್ತು. ಒಂದಕ್ಕೊಂದು ಅಂಟಿಸಿದರೆ ಅವಳ ಮನಸ್ಸು ನನ್ನ ಕೈಗೆ ಸಿಗುತ್ತಿತ್ತು. ಅದರಲ್ಲಿ ನನ್ನ ಹೆಸರಿದೆಯೋ ಇಲ್ಲವೋ, ತಿಂಗಳ ಉತ್ತರ ಅದರಲ್ಲೇ ಇದೆಯೋ, ಊರು ಬಿಡುತ್ತಾಳೋ. ಜೀವಮಾನದಲ್ಲಿ ಯಾವುದನ್ನೂ ನಾನು ಅಷ್ಟು ಬಯಸಿ ಕೇಳಬೇಕೆಂದುಕೊಂಡಿರಲಿಲ್ಲ. ಹಲ್ಲು ಕಚ್ಚಿ ಮಗ್ಗಿ ಹಿಡಿದೆ. ಬೆರಳು ಒತ್ತುತ್ತಾ ಹೋಯಿತು. ಅರ್ಧ ಆಗಿರಬೇಕು, ಅವಳು ನಿಲ್ಲಿಸಿದಳು.

‘ಅಡಿವೆಪ್ಪಾರ, ಕೇಳಾಕತ್ತೀರೇನು?’

‘ಹದಿನೇಳ್ ಐದ್ಲೆ ಎಂಬತ್ತೈದು’ ಎಂದೆ, ಕಣ್ಣು ತೆರೆಯದೆ.

ಅವಳು ನಕ್ಕಳು ಎಂದು ನನಗನ್ನಿಸಿತು. ಮೂಗಿನಿಂದ ಬಂದ ಸಣ್ಣ ಉಸಿರು ಅಷ್ಟೇ ಇರಬಹುದು. ಮತ್ತೆ ಅಕ್ಷರ ಹೇಳತೊಡಗಿದಳು. ಮುಗಿದ ಮೇಲೆ ‘ಉಳಸ್ರಿ’ ಎಂದಳು. ಉಳಿಸಿದೆ. ಕಣ್ಣು ತೆರೆದರೆ ಮಣೆ ಖಾಲಿ ಇತ್ತು. ಬಾಗಿಲ ತನಕ ಹೋಗಿ ದಾರಿ ನೋಡಿದೆ, ದಾರಿಯಲ್ಲಿ ಯಾರೂ ಇರಲಿಲ್ಲ. ಇಷ್ಟು ಬೇಗ ಹೇಗೆ ಹೋದಳು ಎಂದುಕೊಂಡೆ.

ಆರು ದಿನ ಕಾಯಲು ನನ್ನಿಂದ ಆಗಲಿಲ್ಲ. ಮಾರನೆಯ ದಿನವೇ, ಮಂಗಳವಾರ, ಕೆರೆದಂಡೆಗೆ ಹೋದೆ. ಮಸಾಲೆ ಪುಡಿಯ ಅಂಗಡಿ ಇತ್ತು, ಅದರಾಚೆ ಕಾಶವ್ವನ ಮನೆ ಇರಬೇಕು, ಅದರಾಚೆ ಗಡಿಯಾರ ರಿಪೇರಿಯವನು. ನನಗೆ ಕಂಡದ್ದು ಮಸಾಲೆ ಅಂಗಡಿ, ಆಮೇಲೆ ಒಂದು ಸಂದಿ, ಆಮೇಲೆ ಗಡಿಯಾರ ರಿಪೇರಿ. ಸಂದಿಯೊಳಗೆ ಕೆರೆಯ ನೀರು ಹೊಳೆಯುತ್ತಿತ್ತು. ಹೋಗಿಬಿಟ್ಟಳು ಎಂದುಕೊಂಡು ಅಲ್ಲೇ ಕೂತುಬಿಟ್ಟೆ. ಆಗ ಬಾಳವ್ವ ಬಂದಳು, ಬಗಲಲ್ಲಿ ಕುಬಸದ ಬಟ್ಟೆ.

‘ಯಾಕೋ ಇಲ್ಲಿ ಕುಂತೀ? ಒಳಗ ಹೋಗಬಾರದೇನು?’

‘ಎಲ್ಲಿ ಒಳಗ?’

‘ಇದೇನೋ, ನಿನ್ನ ಮೂಗಿನ ಮುಂದ ಐತೆಲ್ಲ’ ಎಂದು ಬಾಳವ್ವ ಸಂದಿಯತ್ತ ಕೈ ಮಾಡಿದಳು. ನನ್ನ ಮುಖ ನೋಡಿ ಅವಳ ಕೈ ಅಲ್ಲೇ ನಿಂತಿತು. ಆಮೇಲೆ ಸಂದಿಯೊಳಕ್ಕೆ ಕಾಲಿಟ್ಟಳು, ಇಟ್ಟ ಕಾಲು ನನಗೆ ಕಾಣಲಿಲ್ಲ, ಆಮೇಲೆ ಅವಳೂ ಕಾಣಲಿಲ್ಲ. ಅರ್ಧ ಗಂಟೆ ಬಿಟ್ಟು ಬರಿಗೈಯಲ್ಲಿ ಹೊರಗೆ ಬಂದಳು. ಅಳತೆ ಕೊಟ್ಟು ಬಂದಿದ್ದಳು.

ಊರವರೆಲ್ಲ ಕೂಡಿ ನನ್ನ ಮೇಲೆ ನಾಟಕ ಆಡುತ್ತಿದ್ದಾರೆ ಎಂದು ಮೊದಲ ವಾರ ಅನುಮಾನವಿತ್ತು. ಸಂದಿಯ ಎರಡೂ ಕಡೆ ಸುಣ್ಣದ ಗೆರೆ ಎಳೆದು, ಯಾರು ಹೋಗುತ್ತಾರೆ, ಯಾರು ಬರುತ್ತಾರೆ ಎಂದು ದಿನವಿಡೀ ಕಾದೆ. ಎಲ್ಲರೂ ಬಟ್ಟೆ ಹಿಡಿದು ಹೋಗುತ್ತಾರೆ, ಹೊಲಿದ ಬಟ್ಟೆ ಹಿಡಿದು ಬರುತ್ತಾರೆ. ಸಂತೆಯಲ್ಲಿ, ಚೌಕದಲ್ಲಿ ಅವಳ ಮನೆ ಎಲ್ಲರಿಗೂ ಕಾಣುತ್ತದೆ. ಬಯಲಿನಲ್ಲಿ ಯಾರಿಗೂ ಕಾಣದು. ಒಳ್ಳೆಯದು, ಆ ಎರಡು ದಿನ ಅವಳಿಗೆ ಉಳಿದಿವೆ. ನನಗೆ ಮಾತ್ರ ಮೂರೂ ಮುಖದಲ್ಲಿ ಅವಳಿಲ್ಲ. ಚೌಕದ ದಿನ ಸಂದಿಯೇ ಇರಬಾರದು ಎಂಬ ನಿಯಮವಿದೆ. ನನ್ನ ಕಣ್ಣಿಗೆ ಮಾತ್ರ ಅವತ್ತೂ ಒಂದು ಮನೆಯಷ್ಟು ಅಗಲದ ಸಂದಿ ಉಳಿದಿರುತ್ತದೆ.

ಇದಾಗಿ ಹನ್ನೊಂದು ತಿಂಗಳಾಯಿತು. ದಿನಾ ಬೆಳಿಗ್ಗೆ ಆರಕ್ಕೆ ಆ ಫೋಲ್ಡರು ನನ್ನೆದುರಿಗಿರುತ್ತದೆ. ಅವಳು ಏನು ಬರೆಸಿದಳು ಎಂದು ನೋಡಲು ಎರಡು ಸಲ ಒತ್ತಿದರೆ ಸಾಕು, ನನ್ನ ಹೆಸರಿದ್ದರೆ ಅಳಿಸಲು ಇನ್ನೊಂದು ಸಲ. ಕೆಲವು ದಿನ ಬೇರೊಂದು ಆಸೆ ತಲೆಯೆತ್ತುತ್ತದೆ. ಅವಳು ನನ್ನನ್ನು ಹೊರಗಿಡಲು ಹೇಳಿರಲಿಕ್ಕಿಲ್ಲ. ಮಗ್ಗಿಯ ಗಡಿಬಿಡಿಯಲ್ಲಿ ನಾನೇ ಒಂದಕ್ಷರ ತಪ್ಪಿ ಒತ್ತಿರಬೇಕು, ಅವಳು ಒಳಗೆ ಕೂತು ಈ ಮನುಷ್ಯ ಯಾಕೆ ಬರಲೊಲ್ಲ ಎಂದು ಕಾಯುತ್ತಿರಬೇಕು. ಇದು ನಿಜವೋ ಸುಳ್ಳೋ ತಿಳಿಯಬೇಕಾದರೆ ಚೀಟಿ ತೆರೆಯಬೇಕು. ತೆರೆದವನನ್ನು ಅವಳು ಯಾಕೆ ಮದುವೆಯಾಗಬೇಕು? ನಾನು ತೆರೆದಿಲ್ಲ. ಇದನ್ನು ಊರಿನಲ್ಲಿ ಯಾರೂ ನಂಬುವುದಿಲ್ಲ.

ಸೋಮವಾರ, ಮಂಗಳವಾರ ಕೆಲಸ ಮುಗಿಸಿ ಮನೆಗೆ ಹೋಗುವಾಗ ನಾನು ಆ ಸಂದಿಯ ಎದುರು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕೂಗುವುದಿಲ್ಲ. ಮೊನ್ನೆ ಬಾಳವ್ವ ಜೊತೆಗಿದ್ದಳು. ಅವಳು ಸಂದಿಯತ್ತ ನೋಡಿ, ಸೆರಗು ಸರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಂದಳು.

‘ಆಕಿ ಬಾಗಲದಾಗ ನಿಂತಾಳೋ ತಮ್ಮಾ. ನಿನ್ನನ್ನ ನೋಡಾಕತ್ತಾಳ.’

ಬಾಳವ್ವ ನನ್ನ ಸಮಾಧಾನಕ್ಕೆಂದು ಸುಳ್ಳು ಹೇಳಬಲ್ಲವಳು. ಹಿಂದೆ ಎಷ್ಟೋ ಸಲ ಹೇಳಿದ್ದಾಳೆ. ನಾನು ಅವಳ ಮುಖ ನೋಡಲಿಲ್ಲ, ಏನೂ ಕೇಳಲಿಲ್ಲ. ಕಾಶವ್ವ ಬಾಗಿಲಲ್ಲಿ ನಿಂತಿದ್ದಾಳೆ ಎಂದು ನಂಬಿ, ಸಂದಿಯತ್ತ ತಿರುಗಿ ನಮಸ್ಕಾರ ಮಾಡಿದೆ.